ಕಾರಕ, ಭಾವ ಮತ್ತು ನಮ್ಮ ಕೈಪಿಡಿಗಳು

ಭಾನುವಾರಗಳಂದು ಅಬಿಡ್ಸಿನ ದೊಡ್ಡ ಅಂಗಡಿಗಳು ಬಾಗಿಲು ಹಾಕಿರುವಾಗ ಅವುಗಳ ಮುಂದಿನ ಕಾಲುದಾರಿಯಲ್ಲಿ ಹಳೆಯ ಪುಸ್ತಕಗಳ ಸಂತೆ ನೆರೆಯುವುದು ಹೈದರಾಬಾದಿನ ವಾಚಕರಿಗೆಲ್ಲ ತಿಳಿದದ್ದೇ. ಎಂಜಿನಿಯರಿಂಗ್ ಪಠ್ಯಗಳು, ಇಂಗ್ಲಿಷ್ ಕಾದಂಬರಿಗಳು, ಉರ್ದು ಕವನಸಂಗ್ರಹಗಳು ಇವೆಲ್ಲವುಗಳ ನಡುವೆ ಜ್ಯೋತಿಷದ ಕೈಪಿಡಿಗಳಿಗೂ ಅಲ್ಲಿ ಜಾಗವುಂಟು. ಕಾದಂಬರಿಗೆ ವಿಮರ್ಶಕರಿದ್ದಾರೆ, ಕವನಕ್ಕೆ ವಿಮರ್ಶಕರಿದ್ದಾರೆ. ಆದರೆ ಕಾದಂಬರಿಗಿಂತ ಹೆಚ್ಚು ಮನೆಗಳಲ್ಲಿ ಬಳಕೆಯಾಗುವ, ಎಷ್ಟೋ ಮನೆಗಳಲ್ಲಿ ಮದುವೆಯ ಮಾತನ್ನು ಮುಂದುವರಿಸಬೇಕೇ ಬೇಡವೇ ಎಂದು ತೀರ್ಮಾನಿಸುವ ಈ ಪುಸ್ತಕಗಳನ್ನು ವಿಮರ್ಶೆಯ ಒರೆಗಲ್ಲಿಗೆ ಹಚ್ಚಿದವರು ವಿರಳ. ನಂಬುವವರು ಅವನ್ನು ಪ್ರಶ್ನಿಸುವುದಿಲ್ಲ. ನಂಬದವರು ಅವನ್ನು ಓದುವುದಿಲ್ಲ. ಈ ಎರಡು ಗುಂಪುಗಳ ನಡುವೆ ನಿಂತು, ಈ ಕೈಪಿಡಿಗಳ ಜೀವಾಳವಾದ ಒಂದು ಪ್ರಕರಣವನ್ನು, ಎಂದರೆ ಗ್ರಹಗಳ ಕಾರಕತ್ವ ಹಾಗೂ ಹನ್ನೆರಡು ಭಾವಗಳ ಫಲವನ್ನು ಹೇಳುವ ಪ್ರಕರಣವನ್ನು, ಒಂದು ಬರವಣಿಗೆಯಾಗಿ ಪರಿಶೀಲಿಸುವುದು ನಮ್ಮ ಉದ್ದೇಶ.

ಮೊದಲು ಚೌಕಟ್ಟನ್ನು ನೋಡೋಣ. ಜನನಕಾಲದಲ್ಲಿ ಪೂರ್ವ ದಿಗಂತದಲ್ಲಿ ಉದಯಿಸುತ್ತಿರುವ ರಾಶಿಯೇ ಲಗ್ನ. ಅಲ್ಲಿಂದ ಎಣಿಸಿದ ಹನ್ನೆರಡು ಭಾವಗಳಿಗೆ ಬದುಕನ್ನು ಹಂಚಲಾಗಿದೆ. ಒಂದನೆಯದು ದೇಹ, ಎರಡನೆಯದು ಧನ ಹಾಗೂ ಕುಟುಂಬ, ಮೂರನೆಯದು ಒಡಹುಟ್ಟಿದವರು ಮತ್ತು ಪರಾಕ್ರಮ, ನಾಲ್ಕನೆಯದು ತಾಯಿ, ಮನೆ, ಸುಖ, ಐದನೆಯದು ಸಂತಾನ, ಆರನೆಯದು ಶತ್ರು ಮತ್ತು ರೋಗ, ಏಳನೆಯದು ಕಳತ್ರ, ಎಂಟನೆಯದು ಆಯುಸ್ಸು, ಒಂಬತ್ತನೆಯದು ಭಾಗ್ಯ, ಹತ್ತನೆಯದು ಉದ್ಯೋಗ, ಹನ್ನೊಂದನೆಯದು ಲಾಭ, ಹನ್ನೆರಡನೆಯದು ವ್ಯಯ. ಕನ್ನಡದಲ್ಲಿ ನಾವು ಇವನ್ನು ‘ಮನೆ’ ಎಂದೇ ಕರೆಯುತ್ತೇವೆ. ಆ ಮಾತು ಸರಿಯಾಗಿಯೇ ಇದೆ. ಇದು ಒಬ್ಬ ಗೃಹಸ್ಥನ ಬದುಕಿನ ಪಟ್ಟಿ. ಅವನ ಹೊಲ, ದನಕರು, ಹೆಂಡತಿ, ಮಕ್ಕಳು, ಸಾಲ, ಜಗಳ, ಯಾತ್ರೆ, ಸಾವು ಎಲ್ಲಕ್ಕೂ ಇಲ್ಲಿ ಒಂದೊಂದು ಕೋಣೆಯಿದೆ.

ಈ ಮನೆಗಳಿಗೆ ಎರಡು ಬಗೆಯ ಒಡೆತನ. ಆ ರಾಶಿಗೆ ಯಾವ ಗ್ರಹ ಅಧಿಪತಿಯೋ ಅದು ಭಾವಾಧಿಪತಿ. ಇದು ಲಗ್ನ ಬದಲಾದಂತೆ ಬದಲಾಗುತ್ತದೆ. ಇನ್ನೊಂದು ಬಗೆಯದು ಕಾರಕತ್ವ. ಇದು ಯಾರ ಜಾತಕದಲ್ಲಿಯೂ ಬದಲಾಗದು. ತಂದೆಗೆ ರವಿ, ತಾಯಿಗೆ ಚಂದ್ರ, ಸೋದರರಿಗೆ ಕುಜ, ಮಾತಿಗೂ ವ್ಯಾಪಾರಕ್ಕೂ ಬುಧ, ಮಕ್ಕಳಿಗೂ ಧನಕ್ಕೂ ಗುರು, ಕಳತ್ರಕ್ಕೆ ಶುಕ್ರ, ಆಯುಸ್ಸಿಗೂ ದುಃಖಕ್ಕೂ ಶನಿ. ಮಂತ್ರೇಶ್ವರನ ‘ಫಲದೀಪಿಕೆ’ ಭಾವಕ್ಕೊಂದರಂತೆ ಕಾರಕರನ್ನು ಪಟ್ಟಿ ಮಾಡುವಾಗ ಹತ್ತನೆಯ ಭಾವವೊಂದಕ್ಕೇ ರವಿ, ಬುಧ, ಗುರು, ಶನಿ ಎಂದು ನಾಲ್ವರನ್ನು ಕೂರಿಸುತ್ತದೆ. ಮನುಷ್ಯನ ದುಡಿಮೆಯಲ್ಲಿ ಅಧಿಕಾರ, ಜಾಣ್ಮೆ, ಜ್ಞಾನ, ಬೆವರು ನಾಲ್ಕೂ ಇರುತ್ತವೆಂಬ ಅರಿವು ಈ ಹಂಚಿಕೆಯ ಹಿಂದೆ ಇರುವಂತೆ ನಮಗೆ ತೋರುತ್ತದೆ. ಶಾಸ್ತ್ರಕಾರರು ಬದುಕನ್ನು ನೋಡದೆ ಬರೆದವರೆಂದು ಹೇಳಲಾಗದು.

ಆದ್ದರಿಂದ ಮೊದಲು ಗುಣವನ್ನೇ ಹೇಳುತ್ತೇವೆ. ಕಾರಕತ್ವದ ಕಲ್ಪನೆಯಲ್ಲಿ ಕಣ್ಣಿಗೆ ಕಂಡ ಆಕಾಶವೂ ಅನುಭವಕ್ಕೆ ಬಂದ ಬದುಕೂ ಹೊಂದಿಕೊಂಡಿವೆ. ೨೭ ದಿನಗಳಲ್ಲಿ ರಾಶಿಚಕ್ರವನ್ನೆಲ್ಲ ಸುತ್ತಿ ಹೆಚ್ಚುತ್ತ ಕುಗ್ಗುತ್ತ ಹೋಗುವ ಚಂದ್ರ ಮನಸ್ಸಾದ. ಅದೇ ಸುತ್ತಿಗೆ ೨೯ ವರ್ಷಕ್ಕಿಂತ ಹೆಚ್ಚು ತೆಗೆದುಕೊಳ್ಳುವ, ಹೆಸರಿನಲ್ಲೇ ನಿಧಾನವನ್ನು ಹೊತ್ತ ಶನೈಶ್ಚರ ವೃದ್ಧಾಪ್ಯವಾದ, ದುಃಖವಾದ. ಸೂರ್ಯನಿಂದ ೨೮ ಅಂಶಕ್ಕಿಂತ ಹೆಚ್ಚು ದೂರ ಹೋಗದ ಬುಧ ಅರಮನೆ ಬಿಟ್ಟು ಕದಲದ ಯುವರಾಜನಾದ. ಕೆಂಪಗೆ ಉರಿಯುವ ಕುಜ ಸೇನಾನಿಯಾದ. ಇದು ಕವಿಯ ಕೆಲಸ. ಈ ಕವಿತೆ ನಮ್ಮ ಆಡುಮಾತಿನಲ್ಲಿಯೂ ಇಳಿದಿದೆ. ‘ಅವನಿಗೀಗ ಶುಕ್ರದೆಸೆ’, ‘ಹುಡುಗಿಗೆ ಗುರುಬಲ ಬಂತೇ?’, ‘ಶನಿ ಹೆಗಲೇರಿದ್ದಾನೆ’ ಎನ್ನುವವರೆಲ್ಲ ಜಾತಕವನ್ನು ನಂಬುವವರೇ ಆಗಬೇಕಿಲ್ಲ. ಕಲಬುರಗಿ, ಬೀದರಗಳ ಕಡೆಯಿಂದ ಬಂದವರ ಬಾಯಲ್ಲಿ ‘ಸಾಡೇಸಾತಿ’ ಎಂಬುದು ಶಾಸ್ತ್ರದ ಮಾತಾಗಿ ಉಳಿಯದೆ ಕಷ್ಟಕಾಲಕ್ಕೆ ಇರುವ ಇನ್ನೊಂದು ಹೆಸರೇ ಆಗಿದೆ.

ಈ ವಿದ್ಯೆ ಕನ್ನಡಕ್ಕೆ ಬಂದದ್ದು ನಿನ್ನೆ ಮೊನ್ನೆಯಲ್ಲ. ಕನ್ನಡದಲ್ಲಿ ದೊರೆತಿರುವ ಮೊದಲ ಜ್ಯೋತಿಷಗ್ರಂಥ ಶ್ರೀಧರಾಚಾರ್ಯನ ‘ಜಾತಕತಿಲಕ’. ೧೦೪೯ರ ಈ ಕೃತಿ ಚಾಲುಕ್ಯ ಆಹವಮಲ್ಲ ಸೋಮೇಶ್ವರನ ಕಾಲದ್ದು. ಕಲ್ಯಾಣವನ್ನು ರಾಜಧಾನಿಯಾಗಿ ಬೆಳೆಸಿದ ದೊರೆ ಇವನೇ. ಆ ಕಲ್ಯಾಣ, ಇಂದಿನ ಬಸವಕಲ್ಯಾಣ, ೧೯೫೬ರ ರಾಜ್ಯಪುನರ್ವಿಂಗಡಣೆಯವರೆಗೆ ನಮ್ಮ ಹೈದರಾಬಾದು ಸಂಸ್ಥಾನದ ಬೀದರ ಜಿಲ್ಲೆಯ ಊರು. ಸಂಸ್ಕೃತದಲ್ಲಿ ಮಾತ್ರ ದೊರೆಯುತ್ತಿದ್ದ ಶಾಸ್ತ್ರವನ್ನು ಕನ್ನಡ ಪದ್ಯದಲ್ಲಿ ಕಟ್ಟಿಕೊಟ್ಟ ಶ್ರೀಧರಾಚಾರ್ಯನ ಸಾಹಸವನ್ನು, ಜ್ಯೋತಿಷದ ಸತ್ಯಾಸತ್ಯತೆ ಏನೇ ಇರಲಿ, ಕನ್ನಡ ಶಾಸ್ತ್ರಸಾಹಿತ್ಯದ ಚರಿತ್ರೆ ಗೌರವದಿಂದ ಕಾಣಬೇಕು. ನಮ್ಮ ಕಾಲಕ್ಕೆ ಬಂದರೆ ಬೆಂಗಳೂರಿನ ಬಿ. ಸೂರ್ಯನಾರಾಯಣರಾಯರು ೧೮೯೫ರಲ್ಲಿ ಆರಂಭಿಸಿದ ‘ಅಸ್ಟ್ರಲಾಜಿಕಲ್ ಮ್ಯಾಗಜೀನ್’ ಪತ್ರಿಕೆಯನ್ನು ಅವರ ಮೊಮ್ಮಗ ಬಿ. ವಿ. ರಾಮನ್ (೧೯೧೨–೧೯೯೮) ೧೯೩೬ರಿಂದ ಮತ್ತೆ ನಡೆಸಿ ದೇಶವಿದೇಶಗಳ ವಾಚಕರನ್ನು ಸಂಪಾದಿಸಿದರು. ಭಾವವಿಚಾರಕ್ಕೆಂದೇ ಅವರು ಇಂಗ್ಲಿಷಿನಲ್ಲಿ ಬರೆದ ‘ಹೌ ಟು ಜಡ್ಜ್ ಎ ಹೊರೊಸ್ಕೋಪ್’ ಎರಡು ಸಂಪುಟಗಳದ್ದು. ಮೊದಲ ಆರು ಭಾವಗಳಿಗೆ ಒಂದು ಸಂಪುಟ, ಉಳಿದ ಆರಕ್ಕೆ ಇನ್ನೊಂದು. ಒಂದು ಭಾವದ ಫಲ ಹೇಳಬೇಕಾದರೆ ಆ ಭಾವವನ್ನು ನೋಡಬೇಕು, ಅದರ ಅಧಿಪತಿಯನ್ನು ನೋಡಬೇಕು, ಅಲ್ಲಿರುವ ಗ್ರಹಗಳನ್ನು ನೋಡಬೇಕು, ಕಾರಕನನ್ನೂ ನೋಡಬೇಕು ಎಂಬುದು ಆ ಗ್ರಂಥದ ಕ್ರಮ. ಒಪ್ಪಲಿ ಬಿಡಲಿ, ಅದೊಂದು ಕ್ರಮವೆಂಬುದನ್ನು ಅಲ್ಲಗಳೆಯಲಾಗದು.

ಇನ್ನು ದೋಷಗಳ ಕಡೆಗೆ ಬರೋಣ. ಮೊದಲನೆಯ ದೋಷ ಈ ಕಾರಕವ್ಯವಸ್ಥೆಯ ಹುಟ್ಟಿನಲ್ಲಿಯೇ ಇದೆ. ವರಾಹಮಿಹಿರನ ‘ಬೃಹಜ್ಜಾತಕ’ದ ಎರಡನೆಯ ಅಧ್ಯಾಯವನ್ನು ತೆರೆದರೆ ರವಿಚಂದ್ರರು ರಾಜರು, ಕುಜ ಸೇನಾನಿ, ಬುಧ ಯುವರಾಜ, ಗುರುಶುಕ್ರರು ಮಂತ್ರಿಗಳು, ಶನಿ ಭೃತ್ಯ. ಅದೇ ಅಧ್ಯಾಯದಲ್ಲಿ ರವಿ ಆತ್ಮ, ಗುರು ಜ್ಞಾನ ಮತ್ತು ಸುಖ, ಶನಿ ದುಃಖ. ಈ ಎರಡು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿರಿ. ಆತ್ಮವೂ ರಾಜನೂ ಒಬ್ಬನೇ. ದುಃಖವೂ ಆಳೂ ಒಬ್ಬನೇ. ಆರನೆಯ ಶತಮಾನದ ಅರಮನೆಯ ಕಿಟಕಿಯಿಂದ ಕಂಡ ಸಮಾಜದ ಚಿತ್ರವಿದು. ಆಕಾಶ ಹೇಳಿದ ಮಾತಲ್ಲ. ಕೈಪಿಡಿಗಳು ಇದನ್ನು ನಿತ್ಯಸತ್ಯವೆಂಬಂತೆ ನಕಲು ಮಾಡುತ್ತ ಬಂದಿವೆ. ರವಿ ಬಲವಾಗಿದ್ದರೆ ಸರ್ಕಾರಿ ನೌಕರಿ, ಶನಿಯಾದರೆ ಕೂಲಿ ಎಂದು ಇಂದಿಗೂ ಅಚ್ಚಾಗುತ್ತಿರುವುದರ ಮೂಲ ಇಲ್ಲಿದೆ. ಸ್ತ್ರೀಯರ ವಿಷಯದಲ್ಲಂತೂ ಹೇಳುವುದೇ ಬೇಡ. ಅವರಿಗಾಗಿ ಪ್ರತ್ಯೇಕವಾದ ಸ್ತ್ರೀಜಾತಕಾಧ್ಯಾಯವೇ ಉಂಟು. ಸ್ತ್ರೀಗೆ ಹೊಂದದ ಫಲಗಳನ್ನು ಅವಳ ಗಂಡನಿಗೆ ಹೇಳಬೇಕೆಂದು ಅಲ್ಲಿ ವಿಧಿಸಲಾಗಿದೆ. ಹತ್ತನೆಯ ಮನೆಯಲ್ಲಿ ಸ್ವಂತ ಉದ್ಯೋಗವುಳ್ಳ ಹೆಣ್ಣುಮಗಳು ಆ ಶಾಸ್ತ್ರದ ಕಲ್ಪನೆಯಲ್ಲಿ ಇರಲಿಲ್ಲ. ಇಂದು ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಕಂಪ್ಯೂಟರ್ ಕಂಪನಿಯಲ್ಲಿ ದುಡಿದು ಮನೆ ನಡೆಸುವ ನಮ್ಮ ಹೆಣ್ಣುಮಕ್ಕಳ ಕುಂಡಲಿಯನ್ನು ಈ ನಿಯಮದಂತೆ ಓದಹೊರಟರೆ ಯಾರ ಬದುಕನ್ನು ಓದಿದಂತಾಯಿತು?

ಎರಡನೆಯ ದೋಷ ಇನ್ನೂ ಸೂಕ್ಷ್ಮವಾದುದು. ಒಂದು ಭಾವಕ್ಕೆ ಹಲವು ವಿಷಯ, ಒಂದು ಗ್ರಹಕ್ಕೆ ಹಲವು ಕಾರಕತ್ವ; ಅದರ ಮೇಲೆ ಆಧಿಪತ್ಯ, ದೃಷ್ಟಿ, ಉಚ್ಚನೀಚ, ಯೋಗ. ಇವೆಲ್ಲ ಕೂಡಿದಾಗ ಯಾವ ಫಲವನ್ನು ಬೇಕಾದರೂ ಹೇಳಲು ಅವಕಾಶವಾಗುತ್ತದೆ. ಸಂತಾನಕಾರಕನಾದ ಗುರು ಸಂತಾನಭಾವವಾದ ಐದನೆಯ ಮನೆಯಲ್ಲೇ ಇದ್ದಾನೆನ್ನಿ. ಶುಭಗ್ರಹ ತ್ರಿಕೋಣದಲ್ಲಿದೆ, ಸತ್ಸಂತಾನವೆಂದು ಒಂದು ಸಾಲು ಹೇಳುತ್ತದೆ. ಕಾರಕನು ತನ್ನ ಭಾವದಲ್ಲೇ ಕುಳಿತರೆ ಆ ಭಾವಕ್ಕೆ ಕೇಡು ಎಂದು ಇನ್ನೊಂದು ಸೂತ್ರ ಹೇಳುತ್ತದೆ. ಇನ್ನೊಂದು ಉದಾಹರಣೆ. ಮೇಷಲಗ್ನಕ್ಕೆ ಏಳನೆಯ ತುಲೆಯಲ್ಲಿ ಶನಿ. ಕಳತ್ರಸ್ಥಾನದಲ್ಲಿ ಶನಿಯೆಂದರೆ ವಿವಾಹವಿಳಂಬ, ದಾಂಪತ್ಯದಲ್ಲಿ ನೀರಸತೆ ಎನ್ನುತ್ತದೆ ಭಾವಫಲ. ಉಚ್ಚನಾಗಿ ಕೇಂದ್ರದಲ್ಲಿರುವುದರಿಂದ ಪಂಚಮಹಾಪುರುಷಯೋಗಗಳಲ್ಲಿ ಒಂದಾದ ಶಶಯೋಗ, ಊರಾಳುವ ಯೋಗ ಎನ್ನುತ್ತದೆ ಯೋಗಪ್ರಕರಣ. ಏಳನೆಯ ಮನೆಯಲ್ಲಿ ಶನಿಗೆ ದಿಗ್ಬಲ ಎನ್ನುತ್ತದೆ ಬಲಪ್ರಕರಣ. ಮೂರೂ ಶಾಸ್ತ್ರೋಕ್ತವೇ. ಮದುವೆ ತಡವಾದರೂ ಸರಿಹೋಯಿತು, ಬೇಗ ಆದರೂ ಸರಿಹೋಯಿತು. ತಪ್ಪಲಾರದ ಮಾತನ್ನು ನಾವು ಸಾಹಿತ್ಯದಲ್ಲಿ ಧ್ವನಿ ಎಂದು ಮೆಚ್ಚಬಹುದು. ತೀರ್ಪು ಕೊಡುವ ಜಾಗದಲ್ಲಿ ಮೆಚ್ಚಲಾಗದು. ಯಾವ ಘಟನೆಯಿಂದಲೂ ಸುಳ್ಳಾಗದ ಮಾತು ಯಾವ ಘಟನೆಯನ್ನೂ ಮುಂದಾಗಿ ತಿಳಿಸಲಾರದು.

ಈ ಎರಡು ದೋಷಗಳು ಶಾಸ್ತ್ರದವು. ಮೂರನೆಯದು ಕೈಪಿಡಿಗಳದ್ದೇ ಸ್ವಂತ ಸಂಪಾದನೆ, ಹಾಗೂ ಅದೇ ಹೆಚ್ಚು ಅಪಾಯಕಾರಿ. ನಾಲ್ಕನ್ನೂ ತೂಗಿ ನೋಡೆಂದು ಹೇಳಿದ ಕ್ರಮವನ್ನು ಇವು ಒಂದೊಂದು ಸಾಲಿನ ಪಟ್ಟಿಗೆ ಇಳಿಸಿವೆ. ‘ಎರಡರಲ್ಲಿ ಕುಜ: ಕಠೋರ ಮಾತು. ಎಂಟರಲ್ಲಿ ಕುಜ: ಮಾಂಗಲ್ಯಕ್ಕೆ ಹಾನಿ’ ಎಂಬ ಧಾಟಿಯಲ್ಲಿ ಒಂಬತ್ತು ಗ್ರಹ, ಹನ್ನೆರಡು ಮನೆ, ನೂರೆಂಟು ಸಾಲು, ಅಲ್ಲಿಗೆ ಪ್ರಕರಣ ಮುಗಿಯಿತು. ಗ್ರಹಗಳು ಒಂದಕ್ಕೊಂದು ಸಂಬಂಧವಿಲ್ಲದೆ ಎಲ್ಲೆಂದರಲ್ಲಿ ಕೂರುತ್ತವೆಂಬ ಭಾವನೆ ಇದರಿಂದ ಹುಟ್ಟುತ್ತದೆ. ವಾಸ್ತವವಾಗಿ ಶುಕ್ರನು ಸೂರ್ಯನಿಂದ ಸುಮಾರು ೪೭ ಅಂಶಕ್ಕಿಂತ ದೂರ ಹೋಗಲಾರ. ಸೂರ್ಯ ಹತ್ತನೆಯ ಮನೆಯಲ್ಲಿದ್ದರೆ ಶುಕ್ರ ಎಂಟರಿಂದ ಹನ್ನೆರಡರೊಳಗೇ ಇರಬೇಕು. ತಂದೆಯ ಕಾರಕನೂ ಹೆಂಡತಿಯ ಕಾರಕನೂ ಎದುರುಬದುರು ಕುಳಿತ ಜಾತಕ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ಇಷ್ಟು ಸರಳವಾದ ಖಗೋಳದ ಸಂಗತಿಯನ್ನು ವಾಚಕರಿಗೆ ತಿಳಿಸುವ ಕೈಪಿಡಿ ಅಪರೂಪ.

ಈ ಒಂದು ಸಾಲಿನ ಪದ್ಧತಿ ಮಾಡಿದ ಅನಾಹುತಕ್ಕೆ ಕುಜದೋಷವೇ ದೊಡ್ಡ ನಿದರ್ಶನ. ಲಗ್ನದಿಂದ ೧, ೨, ೪, ೭, ೮, ೧೨ ಈ ಮನೆಗಳಲ್ಲಿ ಕುಜನಿದ್ದರೆ ದೋಷವೆಂದು ಪ್ರಚಾರದಲ್ಲಿರುವ ಒಂದು ನಿಯಮ. ಕೆಲವರು ಒಂದನೆಯದನ್ನು ಬಿಡುತ್ತಾರೆ. ಇದನ್ನು ಕೊಂಚ ಲೆಕ್ಕ ಹಾಕಿ ನೋಡೋಣ. ಇದಕ್ಕೆ ಪಂಚಾಂಗವೂ ಬೇಕಿಲ್ಲ. ಕುಜನು ಒಂದು ರಾಶಿಯಲ್ಲಿ ಸರಾಸರಿ ಎರಡು ತಿಂಗಳ ಹತ್ತಿರ ಇರುತ್ತಾನೆ. ಲಗ್ನವಾದರೋ ಸುಮಾರು ಎರಡು ಗಂಟೆಗೊಮ್ಮೆ ಬದಲಾಗಿ ಒಂದೇ ದಿನದಲ್ಲಿ ಹನ್ನೆರಡು ರಾಶಿಗಳನ್ನೂ ಮುಗಿಸುತ್ತದೆ. ಆದ್ದರಿಂದ ಯಾವ ದಿನವನ್ನೇ ತೆಗೆದುಕೊಳ್ಳಿ, ಆ ದಿನದ ಹನ್ನೆರಡು ಲಗ್ನಗಳಲ್ಲಿ ಆರಕ್ಕೆ ಕುಜದೋಷ. ಎಂದರೆ ದಿನವೊಂದಕ್ಕೆ ಸುಮಾರು ೧೨ ಗಂಟೆಗಳ ಕಾಲ ಹುಟ್ಟುವ ಮಕ್ಕಳೆಲ್ಲರೂ, ಗಂಡಾಗಲಿ ಹೆಣ್ಣಾಗಲಿ, ದೋಷದ ಮಕ್ಕಳೇ. ಒಂದನೆಯ ಮನೆಯನ್ನು ಬಿಟ್ಟರೂ ಹನ್ನೆರಡರಲ್ಲಿ ಐದು ಪಾಲು. ಲಗ್ನದಿಂದ ಮಾತ್ರವಲ್ಲ, ಚಂದ್ರನಿಂದಲೂ ಶುಕ್ರನಿಂದಲೂ ನೋಡಬೇಕೆನ್ನುವವರ ಮಾತು ಕೇಳಿದರೆ ಸ್ಥೂಲವಾಗಿ ಎಂಟರಲ್ಲಿ ಏಳು ಜನ ದೋಷಿಗಳಾಗುತ್ತಾರೆ. ಅರ್ಧ ಊರಿಗೆ ಇರುವ ದೋಷ ದೋಷವೇ? ಈ ತೊಡಕನ್ನು ಶಾಸ್ತ್ರಿಗಳೂ ಕಂಡಿರಬೇಕು. ಸ್ವಕ್ಷೇತ್ರದಲ್ಲಿದ್ದರೆ ದೋಷವಿಲ್ಲ, ಮಕರದಲ್ಲಿ ಉಚ್ಚನಾದರೆ ಇಲ್ಲ, ಕರ್ಕಸಿಂಹ ಲಗ್ನಗಳಿಗೆ ಯೋಗಕಾರಕನಾದ್ದರಿಂದ ಇಲ್ಲ, ಇಬ್ಬರಿಗೂ ಇದ್ದರೆ ಇಲ್ಲ ಎಂದು ಪರಿಹಾರಗಳ ಸಾಲನ್ನೇ ಬೆಳೆಸಿದ್ದಾರೆ. ನಿಯಮಕ್ಕಿಂತ ವಿನಾಯಿತಿ ಉದ್ದವಾದಾಗ ನಿಯಮವೇ ಸಡಿಲವೆಂದು ಅರ್ಥ. ಆದರೆ ಕೈಪಿಡಿಯಲ್ಲಿ ನಿಯಮ ದಪ್ಪಕ್ಷರದಲ್ಲಿ, ಪರಿಹಾರ ಅಡಿಯಲ್ಲಿ ಸಣ್ಣಕ್ಷರದಲ್ಲಿ. ಓದುವವರು ದಪ್ಪಕ್ಷರವನ್ನೇ ಓದುತ್ತಾರೆ.

ಇದರ ಭಾರ ಬೀಳುವುದು ಯಾರ ಮೇಲೆಂದು ಹೇಳಬೇಕಾಗಿಲ್ಲ. ಲೆಕ್ಕದ ಪ್ರಕಾರ ಗಂಡುಮಕ್ಕಳಲ್ಲೂ ಅರ್ಧದಷ್ಟು ಮಂದಿಗೆ ಈ ದೋಷವಿರಲೇಬೇಕು. ಆದರೂ ‘ಕುಜದೋಷದ ಹುಡುಗ’ ಎಂದು ಮನೆಯಲ್ಲಿ ಕುಳಿತವನನ್ನು ನಾವು ಹೆಚ್ಚಾಗಿ ಕಂಡಿಲ್ಲ. ‘ಕುಜದೋಷದ ಹುಡುಗಿ’ಯನ್ನು ಕಾಣದ ಬೀದಿಯಿಲ್ಲ. ಊರು ಬಿಟ್ಟು ನೂರಾರು ಮೈಲಿ ದೂರ ಬಂದು ನೆಲೆಸಿದ ನಮ್ಮಂಥವರಲ್ಲಿ ಸಂಬಂಧ ಹುಡುಕುವುದೇ ಕಷ್ಟ. ನಮ್ಮ ಭಾಷೆಯವರು, ನಮ್ಮ ಕಡೆಯವರು ಎಂದು ಅರಸಿ ಕೊನೆಗೆ ದೊರೆತ ನಾಲ್ಕಾರು ಮನೆಗಳಲ್ಲಿ ಎರಡನ್ನು ಒಂದು ಸಾಲು ತಳ್ಳಿಹಾಕುತ್ತದೆ. ಹುಡುಗಿಯ ವಿದ್ಯೆ, ಗುಣ, ದುಡಿಮೆ ಇವನ್ನೆಲ್ಲ ವಿಚಾರಿಸುವ ಮೊದಲೇ ಕುಂಡಲಿಯ ಪ್ರತಿ ಹಿಂದಿರುಗಿ ಬರುತ್ತದೆ. ಜನನಕಾಲವನ್ನು ಬರೆದುಕೊಂಡವರ ಗಡಿಯಾರ ಹತ್ತು ನಿಮಿಷ ಹಿಂದೆ ಮುಂದೆ ಇದ್ದಿದ್ದರೆ, ರಾಶಿಯ ಸಂಧಿಯಲ್ಲಿ ಹುಟ್ಟಿದವಳಿಗೆ ಲಗ್ನವೇ ಬೇರೆಯಾಗಿ ಈ ದೋಷ ಮಾಯವಾಗುತ್ತಿತ್ತು. ಇಷ್ಟೇ ಅಲ್ಲ. ಲಾಹಿರಿ ಅಯನಾಂಶಕ್ಕೂ ರಾಮನ್ನರ ಅಯನಾಂಶಕ್ಕೂ ಸುಮಾರು ಒಂದೂವರೆ ಅಂಶದ ಅಂತರವುಂಟು. ಸಂಧಿಯಲ್ಲಿರುವ ಗ್ರಹ ಒಬ್ಬರ ಗಣಿತದಲ್ಲಿ ಏಳನೆಯ ಮನೆಯಲ್ಲಿದ್ದರೆ ಇನ್ನೊಬ್ಬರ ಗಣಿತದಲ್ಲಿ ಆರರಲ್ಲಿ. ಯಾವ ಗಣಿತದ ಕುಜ ಅಳಿಯನಿಗೆ ಕೇಡು ತರುವವನು?

ಕೆಲವರು ಇದು ವೇದಮೂಲವಾದ ವಿದ್ಯೆ, ಪ್ರಶ್ನಿಸಬಾರದು ಎನ್ನುತ್ತಾರೆ. ವೇದಾಂಗಜ್ಯೋತಿಷ ಯಜ್ಞಕ್ಕೆ ಕಾಲ ನಿಶ್ಚಯಿಸುವ ಗಣಿತ. ಅದರಲ್ಲಿ ಹನ್ನೆರಡು ಭಾವಗಳ ಜಾತಕವಿಲ್ಲ. ಭಾವವಿಚಾರದಲ್ಲಿ ನಾವು ದಿನವೂ ಬಳಸುವ ‘ಕೇಂದ್ರ’ ಗ್ರೀಕರ ‘ಕೆಂಟ್ರೊನ್’. ಏಳನೆಯ ಮನೆಗೆ ಹಳೆಯ ಗ್ರಂಥಗಳಲ್ಲಿರುವ ‘ಜಾಮಿತ್ರ’ವೆಂಬ ಹೆಸರು ಗ್ರೀಕಿನ ‘ಡಯಾಮೆಟ್ರೊಸ್’, ಎಂದರೆ ವ್ಯಾಸರೇಖೆಯ ಎದುರು ತುದಿ. ಯವನರಿಂದ ಪಡೆದದ್ದನ್ನು ನಮ್ಮವರು ಮುಚ್ಚಿಡಲಿಲ್ಲ. ವರಾಹಮಿಹಿರನೇ ಯವನರ ಮತವನ್ನು ಹೆಸರು ಹೇಳಿ ಚರ್ಚಿಸಿದ್ದಾನೆ. ಭಿನ್ನಮತಗಳನ್ನು ಎದುರಿಗಿಟ್ಟುಕೊಂಡು ವಾದಿಸಿ ಬೆಳೆದ ವಿದ್ಯೆಯನ್ನು ಪ್ರಶ್ನಿಸಬಾರದೆನ್ನುವುದು ಆ ವಿದ್ಯೆಗೇ ಮಾಡುವ ಅವಮಾನ.

ಪರೀಕ್ಷೆಯೂ ನಡೆದಿದೆ. ೨೦೦೮ರಲ್ಲಿ ಪುಣೆಯಲ್ಲಿ ಖಗೋಳವಿಜ್ಞಾನಿ ಜಯಂತ ನಾರ್ಳೀಕರರು ನರೇಂದ್ರ ದಾಭೋಲ್ಕರ್ ಮೊದಲಾದವರೊಂದಿಗೆ ೨೦೦ ಜಾತಕಗಳನ್ನು ಸಂಗ್ರಹಿಸಿದರು. ನೂರು ಪ್ರತಿಭಾವಂತ ವಿದ್ಯಾರ್ಥಿಗಳವು, ನೂರು ಬುದ್ಧಿಮಾಂದ್ಯವುಳ್ಳ ಮಕ್ಕಳವು. ಯಾವುದು ಯಾರದೆಂದು ಗುರುತಿಸಲು ಜ್ಯೋತಿಷಿಗಳಿಗೆ ತಲಾ ನಲವತ್ತು ಜಾತಕ ಕೊಟ್ಟರು. ಉತ್ತರ ಕಳಿಸಿದವರು ೨೭ ಜನ; ಸರಿಯಾದ ಉತ್ತರ ಸರಾಸರಿ ಶೇಕಡಾ ೪೬. ನಾಣ್ಯ ಚಿಮ್ಮಿದರೆ ಶೇಕಡಾ ೫೦ ಬರುತ್ತಿತ್ತು. ಬುದ್ಧಿಗೆ ಕಾರಕನೂ ಇದ್ದಾನೆ, ಭಾವವೂ ಇದೆ. ಆದರೂ ಎರಡೂ ಸೇರಿ ಇಷ್ಟು ದೊಡ್ಡ ವ್ಯತ್ಯಾಸವನ್ನು ತೋರಿಸಿಕೊಡಲಿಲ್ಲ. ನಮ್ಮ ಊರಿನಲ್ಲಿಯೂ ಈ ವಾದ ನ್ಯಾಯಾಲಯದ ಮೆಟ್ಟಿಲು ಹತ್ತಿದೆ. ವಿಶ್ವವಿದ್ಯಾಲಯಗಳಲ್ಲಿ ಜ್ಯೋತಿಷವನ್ನು ವಿಜ್ಞಾನವೆಂದು ಕಲಿಸುವ ಯೋಜನೆಯ ವಿರುದ್ಧ, ಇಲ್ಲಿಯ ಸಿ.ಸಿ.ಎಂ.ಬಿ. ಸಂಸ್ಥೆಯನ್ನು ಕಟ್ಟಿದ ಪಿ. ಎಂ. ಭಾರ್ಗವರು ಮತ್ತಿತರರು ೨೦೦೧ರಲ್ಲಿ ಆಂಧ್ರಪ್ರದೇಶ ಉಚ್ಚ ನ್ಯಾಯಾಲಯಕ್ಕೆ ಹೋದರು. ಅಲ್ಲಿಯೂ ೨೦೦೪ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿಯೂ ಅವರ ಅರ್ಜಿ ನಿಲ್ಲಲಿಲ್ಲ. ಪಠ್ಯವಿಷಯದ ಆಯ್ಕೆ ವಿದ್ವತ್ ಸಂಸ್ಥೆಗಳಿಗೆ ಬಿಟ್ಟದ್ದು ಎಂಬುದು ಆ ತೀರ್ಪಿನ ತಿರುಳು. ಕುಂಡಲಿಯ ಫಲ ಸತ್ಯವೆಂಬುದಲ್ಲ. ಈ ಭೇದವನ್ನು ಮರೆತು ‘ಕೋರ್ಟೇ ಒಪ್ಪಿದೆ’ ಎಂದು ಹೇಳುವವರು ತೀರ್ಪನ್ನೂ ಕೈಪಿಡಿಯಂತೆ ಒಂದೇ ಸಾಲಿನಲ್ಲಿ ಓದಿದವರು.

ಹಾಗಾದರೆ ಈ ವಿದ್ಯೆಯನ್ನೆಲ್ಲ ಮೂಸಿಗೆ ಎಸೆಯಬೇಕೇ? ಹಾಗೆ ನಾವು ಹೇಳುವುದಿಲ್ಲ. ಆಕಾಶವನ್ನು ಅಳೆಯುವ ಕೆಲಸಕ್ಕೆ ಬೇರೆ ಮನೆಗಳಿವೆ. ೧೯೦೧ರಲ್ಲಿ ಈ ಊರಿನಲ್ಲಿಯೇ ಸ್ಥಾಪನೆಗೊಂಡ ನಿಜಾಮಿಯಾ ವೀಕ್ಷಣಾಲಯ ಲಕ್ಷಾಂತರ ನಕ್ಷತ್ರಗಳ ಸ್ಥಾನ ಗುರುತಿಸಿ ಲೋಕಮಾನ್ಯವಾಯಿತು. ಕಾರಕಭಾವಗಳ ಚೌಕಟ್ಟು ಅಳೆಯುವುದು ಆಕಾಶವನ್ನಲ್ಲ, ನಮ್ಮ ಹಿರಿಯರ ಆಸೆ ಭಯಗಳನ್ನು. ಏನು ಬೇಕೆಂದು ಅವರು ಹಂಬಲಿಸಿದರು, ಯಾವುದಕ್ಕೆ ಅಂಜಿದರು, ಯಾರನ್ನು ಮೇಲೆ ಕೂರಿಸಿ ಯಾರನ್ನು ಕೆಳಗೆ ನಿಲ್ಲಿಸಿದರು ಎಂಬುದನ್ನು ತಿಳಿಯಲು ಇದಕ್ಕಿಂತ ತುಂಬಿದ ಪಟ್ಟಿ ಬೇರೆ ದೊರೆಯಲಾರದು. ‘ಜಾತಕತಿಲಕ’ವನ್ನು ಆ ಕಣ್ಣಿನಿಂದ ಓದುವ ವಿದ್ವಾಂಸರು ಬೇಕು. ಕೈಪಿಡಿ ಬರೆಯುವವರೂ ಪ್ರತಿ ಸಾಲಿನ ಪಕ್ಕದಲ್ಲಿ ಅದರ ವಿರುದ್ಧದ ಸಾಲನ್ನು, ಅದು ಎಷ್ಟು ಜನರಿಗೆ ಅನ್ವಯಿಸುತ್ತದೆಂಬ ಲೆಕ್ಕವನ್ನು, ಪರಿಹಾರವನ್ನೂ ಅಷ್ಟೇ ದಪ್ಪಕ್ಷರದಲ್ಲಿ ಅಚ್ಚು ಹಾಕಿಸುವ ಪ್ರಾಮಾಣಿಕತೆಯನ್ನು ತೋರಬೇಕು.

ವಾಚಕರಲ್ಲಿ ನಮ್ಮದೊಂದು ಅರಿಕೆ. ಜಾತಕ ನೋಡಬೇಡಿರೆಂದು ಯಾರ ನಂಬಿಕೆಗೂ ನಾವು ಅಡ್ಡ ಬರುವುದಿಲ್ಲ. ಆದರೆ ಮೊದಲು ಮನುಷ್ಯರನ್ನು ನೋಡಿರಿ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಕಂಡು ಮಾತನಾಡಲಿ. ಆಮೇಲೂ ಕುಂಡಲಿ ಬೇಕೆನಿಸಿದರೆ ತೆಗೆಯಿರಿ. ಆಗ ಯಾರಾದರೂ ಒಂದೇ ಸಾಲು ಓದಿ ‘ಏಳರಲ್ಲಿ ಕುಜ, ಬೇಡ’ ಎಂದರೆ, ಉಳಿದ ಸಾಲುಗಳನ್ನೂ ಓದಿರೆಂದು ಕೇಳುವ ಧೈರ್ಯ ಮಾಡಿರಿ. ಅಷ್ಟನ್ನು ಕೇಳುವ ಹಕ್ಕು ಹೆಣ್ಣು ಹೆತ್ತವರಿಗೆ ಇದೆ. ಹೇಳುವ ಹೊಣೆ ಓದಿದವರಿಗೆ ಇದೆ.